ತಂದೆಯವರ ಜೊತೆಗೇ ಅವರ ಪಿಂಚಣಿ ಪ್ರಕರಣವೂ ಮುಗಿಯಿತೇ?

ಪ್ರಶ್ನೆ: ನಮ್ಮದು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿ. ತಂದೆಯವರು 1984ರಲ್ಲಿ ಸೇನೆಗೆ ಸೇರಿ, 22 ವರ್ಷ ದುಡಿದು, 2006ರಲ್ಲಿ ನಾಯಕ್ ಹುದ್ದೆಯಿಂದ ನಿವೃತ್ತರಾದರು. ಹೊರಬರುವಾಗ ಮೆಡಿಕಲ್ ಬೋರ್ಡ್ ಅವರಿಗೆ ರಕ್ತದೊತ್ತಡವಿದೆ, ಅಂಗವೈಕಲ್ಯ ಶೇ 30, ಜೀವನಪರ್ಯಂತ ಎಂದು ಬರೆದಿತ್ತು. ಆದರೆ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂದೂ ಅದರಲ್ಲೇ ಇದ್ದುದರಿಂದ ಅಂಗವೈಕಲ್ಯ ಪಿಂಚಣಿ ಸಿಗಲಿಲ್ಲ. ಜೊತೆಯವರು ಹೇಳಿದ ಮೇಲೆ ಅವರು ಮೇಲ್ಮನವಿ ಸಲ್ಲಿಸಿದರು, ಅದು ತಿರಸ್ಕೃತವಾಯಿತು. 2021ರ ಜನವರಿಯಲ್ಲಿ ಕೊಚ್ಚಿಯ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದರು. ತೀರ್ಪು ಬರುವ ಮೊದಲೇ, 2025ರ ಫೆಬ್ರವರಿಯಲ್ಲಿ, ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಅವರಿಗೆ 61 ವರ್ಷ. ಈಗ ಐದು ತಿಂಗಳಾಗಿದೆ. ವಕೀಲರ ಕಚೇರಿಗೆ ಫೋನ್ ಮಾಡಿದರೆ ಗುಮಾಸ್ತರು, “ಅಂಗವೈಕಲ್ಯ ಪಿಂಚಣಿ ಅವರೊಬ್ಬರ ಹಕ್ಕು, ಅವರೇ ಇಲ್ಲದ ಮೇಲೆ ಕೇಸು ಮುಗಿದಂತೆ” ಎಂದರು. ಇದು ನಿಜವೇ? ತಾಯಿಯವರಿಗೆ ಕುಟುಂಬ ಪಿಂಚಣಿ ಬರುತ್ತಿದೆ, ಈ ಪ್ರಕರಣ ಗೆದ್ದರೆ ಅದು ಹೆಚ್ಚುತ್ತದೆಯೇ? ಅಣ್ಣ ಬೇರೆಯಾಗಿದ್ದಾನೆ, ಮಾತುಕತೆ ಇಲ್ಲ. ಅವನ ಸಹಿ ಬೇಕೇ? ತಾಯಿಯವರಿಗೆ ಓದುಬರೆಹ ಬಾರದು, ಕೊಚ್ಚಿಯವರೆಗೆ ಓಡಾಡುವ ಶಕ್ತಿಯೂ ಇಲ್ಲ.

ಉತ್ತರ: ಮೊದಲು ನೇರ ಉತ್ತರ. ಪ್ರಕರಣ ಮುಗಿದಿಲ್ಲ. ಆದರೆ ಅದು ಈಗ ತಾನಾಗಿಯೇ ನಡೆಯುವ ಸ್ಥಿತಿಯಲ್ಲೂ ಇಲ್ಲ. ನೀವು ಕೈಹಿಡಿದು ಎತ್ತಬೇಕು, ಅದೂ ಈ ತಿಂಗಳಲ್ಲೇ.

ಗುಮಾಸ್ತರು ಹೇಳಿದ ಮಾತನ್ನು ನಾನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಅವರು ಬೇಕೆಂದು ಸುಳ್ಳು ಹೇಳುತ್ತಿಲ್ಲ, ಅರ್ಧ ಸತ್ಯ ಹೇಳುತ್ತಿದ್ದಾರೆ. ವೈಯಕ್ತಿಕ ಹಕ್ಕು ವ್ಯಕ್ತಿಯ ಜೊತೆಗೇ ಸಾಯುತ್ತದೆ ಎಂಬುದು ಕಾನೂನಿನ ಹಳೆಯ ತತ್ವ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 306ನೇ ಕಲಮು ಅದಕ್ಕೆ ಗಡಿ ಹಾಕಿದೆ: ಮಾನನಷ್ಟ, ಹಲ್ಲೆ, ಸಾವಿಗೆ ಕಾರಣವಾಗದ ದೈಹಿಕ ಗಾಯ ಇಂಥವುಗಳಿಗೆ ಪರಿಹಾರ ಕೇಳುವ ಹಕ್ಕು ಸತ್ತವರ ಜೊತೆಗೆ ಹೋಗುತ್ತದೆ, ಮಿಕ್ಕ ಹಕ್ಕುಗಳು ವಾರಸುದಾರರಿಗೆ ಉಳಿಯುತ್ತವೆ. “ದೈಹಿಕ ಗಾಯ” ಎಂಬ ಪದವನ್ನು ನೋಡಿ, ಅಂಗವೈಕಲ್ಯವೂ ಅದರಲ್ಲೇ ಬಂತು ಎಂದು ಹಲವರು ತಿಳಿಯುತ್ತಾರೆ. ನಿಮ್ಮ ತಂದೆಯವರು ಯಾರ ಮೇಲೂ ಗಾಯದ ಪರಿಹಾರಕ್ಕೆ ದಾವೆ ಹೂಡಿರಲಿಲ್ಲ. ಸೇನೆಯ ಪಿಂಚಣಿ ನಿಯಮದ ಪ್ರಕಾರ ತಮಗೆ ಬರಬೇಕಿದ್ದ ಹಣವನ್ನು ಕೇಳಿದ್ದರು. ಪಿಂಚಣಿ ಸರ್ಕಾರದ ಭಿಕ್ಷೆಯಲ್ಲ, ದುಡಿದವನ ಆಸ್ತಿ ಎಂದು ಸುಪ್ರೀಂ ಕೋರ್ಟ್ 1971ರ ದೇವಕಿನಂದನ್ ಪ್ರಸಾದ್ ಪ್ರಕರಣದಿಂದ ಇಂದಿನವರೆಗೆ ಮತ್ತೆ ಮತ್ತೆ ಹೇಳಿದೆ. ಆಸ್ತಿ ಎಂದ ಮೇಲೆ ಅದರ ಬಾಕಿಗೂ ವಾರಸುದಾರರಿದ್ದಾರೆ.

ಹಾಗಾದರೆ ಸತ್ಯದ ಅರ್ಧ ಯಾವುದು? ಅಂಗವೈಕಲ್ಯದ ಅಂಶ, ಅಂದರೆ ವೈಕಲ್ಯಕ್ಕೆಂದು ಪಿಂಚಣಿಯ ಮೇಲೆ ಸೇರುವ ಹಣ, ತಂದೆಯವರು ತೀರಿಕೊಂಡ ದಿನಕ್ಕೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ತಿಂಗಳು ತಿಂಗಳು ಅದು ಯಾರಿಗೂ ಬರುವುದಿಲ್ಲ. ಆ ದಿನದವರೆಗೆ ಅವರಿಗೆ ಸಲ್ಲಬೇಕಾಗಿ ಸಲ್ಲದೇ ಉಳಿದ ಬಾಕಿ ಮಾತ್ರ ನಿಮ್ಮ ಕುಟುಂಬಕ್ಕೆ ಸೇರಬೇಕಾದದ್ದು. ಇನ್ನು ಮುಂದೆ ನ್ಯಾಯಮಂಡಳಿಯಲ್ಲಿ ನಡೆಯುವುದು ಆ ಬಾಕಿಯ ವ್ಯಾಜ್ಯ. ವಾರಸುದಾರರಿಗೆ ಅಲ್ಲಿ ಜಾಗವಿದೆ ಎಂಬುದಕ್ಕೆ ಬೇರೆ ಕಡೆ ಹುಡುಕಬೇಕಾಗಿಲ್ಲ. 2007ರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆಯ 2ನೇ ಕಲಮೇ ನಿವೃತ್ತ ಸೈನಿಕರ ಜೊತೆಗೆ ಅವರ ಅವಲಂಬಿತರು, ವಾರಸುದಾರರು ಮತ್ತು ಉತ್ತರಾಧಿಕಾರಿಗಳ ಹೆಸರನ್ನೂ ಹೇಳುತ್ತದೆ.

ಈಗ ಐದು ತಿಂಗಳ ವಿಚಾರ. ನನಗೆ ಚಿಂತೆಯಾಗಿರುವುದು ಇಲ್ಲಿ. ಅರ್ಜಿದಾರ ತೀರಿಕೊಂಡರೆ 90 ದಿನಗಳೊಳಗೆ ವಾರಸುದಾರರು ತಮ್ಮನ್ನು ದಾಖಲೆಗೆ ತೆಗೆದುಕೊಳ್ಳಿ ಎಂದು ಅರ್ಜಿ ಕೊಡಬೇಕು. ಇದು ಸಿವಿಲ್ ಕಾನೂನಿನ ಲೆಕ್ಕ, ನಾವು ವಕೀಲರು ನ್ಯಾಯಮಂಡಳಿಯಲ್ಲೂ ಇದನ್ನೇ ಹಿಡಿದು ನಡೆಯುತ್ತೇವೆ. ಆ 90 ದಿನ ಕಳೆದರೆ ಪ್ರಕರಣ “ಅಬೇಟ್” ಆಗುತ್ತದೆ, ಅಂದರೆ ಯಾರೂ ಆದೇಶ ಬರೆಯದೆ ತಾನೇ ನಿಂತುಹೋಗುತ್ತದೆ. ಆಮೇಲೆ 60 ದಿನಗಳೊಳಗೆ ಅದನ್ನು ರದ್ದು ಮಾಡಿ ಎಂದು ಕೇಳಬಹುದು. ಅದೂ ಮೀರಿದರೆ, ತಡವಾದುದಕ್ಕೆ ತಕ್ಕ ಕಾರಣ ಹೇಳಿ ವಿಳಂಬ ಮನ್ನಾ ಮಾಡಿ ಎಂದು ಕೇಳಬೇಕು. 90 ಮತ್ತು 60 ಕೂಡಿದರೆ 150, ನೀವು ಆ ಗೆರೆಯ ಮೇಲೆಯೇ ನಿಂತಿದ್ದೀರಿ. ಆದ್ದರಿಂದ ನಿಮ್ಮ ತಾಯಿಯವರ ಪರವಾಗಿ ಮೂರು ಕೋರಿಕೆಗಳು ಒಟ್ಟಿಗೇ ಹೋಗಬೇಕು: ವಾರಸುದಾರರನ್ನು ಸೇರಿಸಿ, ಅಬೇಟ್ ಆದದ್ದನ್ನು ರದ್ದು ಮಾಡಿ, ವಿಳಂಬ ಮನ್ನಿಸಿ. ನ್ಯಾಯಮಂಡಳಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಅಕ್ಷರಶಃ ಕಟ್ಟುಬಿದ್ದಿಲ್ಲ. ಹಳ್ಳಿಯ ವಿಧವೆಯೊಬ್ಬರು ಗಂಡನ ತಿಥಿ, ಕುಟುಂಬ ಪಿಂಚಣಿಯ ಓಡಾಟಗಳ ನಡುವೆ ಎರಡು ತಿಂಗಳು ತಡವಾಗಿ ಬಂದರೆಂದು ಬಾಗಿಲು ಹಾಕಿದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ. ಎರಡು ವರ್ಷ ತಡವಾದಾಗ ಹಾಕಿದ್ದನ್ನು ಕಂಡಿದ್ದೇನೆ.

ತಡವಾದುದಕ್ಕೆ ಕಾರಣ ಬರೆಯುವಾಗ ಇದ್ದದ್ದನ್ನೇ ಬರೆಯಿರಿ. “ಪ್ರಕರಣ ಮುಗಿಯಿತು ಎಂದು ನಮಗೆ ಹೇಳಲಾಯಿತು, ನಾವು ನಂಬಿದೆವು” ಎಂಬುದು ನಿಮ್ಮ ವಿಷಯದಲ್ಲಿ ನಿಜ, ಅದು ಒಳ್ಳೆಯ ಕಾರಣವೂ ಹೌದು. ಯಾವ ದಿನ ಫೋನ್ ಮಾಡಿದಿರಿ, ಏನು ಹೇಳಿದರು ಎಂಬುದನ್ನು ನೆನಪಿರುವಾಗಲೇ ಗುರುತು ಹಾಕಿಕೊಳ್ಳಿ. ಇಲ್ಲದ ಜ್ವರ, ಇಲ್ಲದ ಆಸ್ಪತ್ರೆ ಚೀಟಿ ಸೇರಿಸಬೇಡಿ.

ವಕೀಲರ ಬಗ್ಗೆಯೂ ಒಂದು ಮಾತು. ತಂದೆಯವರು ಕೊಟ್ಟ ವಕಾಲತ್ತು ಅವರ ಸಾವಿನೊಂದಿಗೆ ಮುಗಿಯಿತು. ಆದರೆ ಕಕ್ಷಿದಾರ ತೀರಿಕೊಂಡಿದ್ದಾರೆ ಎಂದು ನ್ಯಾಯಾಲಯಕ್ಕೆ ತಿಳಿಸುವ ಕರ್ತವ್ಯ ಮಾತ್ರ ವಕೀಲರ ಮೇಲೆ ಉಳಿಯುತ್ತದೆ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 22ನೇ ಆದೇಶದಲ್ಲೇ ಇದೆ. ಗುಮಾಸ್ತರೊಂದಿಗೆ ಮಾತು ಮುಗಿಸಬೇಡಿ. ವಕೀಲರನ್ನೇ ಕಂಡು, ಮರಣದ ವಿಷಯ ನ್ಯಾಯಮಂಡಳಿಗೆ ತಿಳಿದಿದೆಯೇ, ಈಚಿನ ದಿನಾಂಕದಲ್ಲಿ ಏನಾಯಿತು ಎಂದು ಕೇಳಿ. ವಾದ ಪೂರ್ತಿಯಾಗಿ ತೀರ್ಪಿಗೆ ಕಾಯ್ದಿರಿಸಿದ ಮೇಲೆ ಸಾವು ಸಂಭವಿಸಿದ್ದರೆ ಪ್ರಕರಣ ಅಬೇಟ್ ಆಗುವುದೇ ಇಲ್ಲ, ಆ ತೀರ್ಪು ಊರ್ಜಿತವಾಗಿಯೇ ಉಳಿಯುತ್ತದೆ. ವಾದ ಬಾಕಿಯಿದ್ದು, ವಿಷಯ ತಿಳಿಯದೆ ಸತ್ತವರ ಹೆಸರಿನಲ್ಲೇ ಆದೇಶ ಹೊರಟರೆ, ಅದನ್ನು ಜಾರಿ ಮಾಡುವ ಹೊತ್ತಿಗೆ ನಿಮಗೇ ತೊಡಕು. ಅದೇ ವಕೀಲರೊಂದಿಗೆ ಮುಂದುವರಿಯಬೇಕೆಂದೇನೂ ಇಲ್ಲ. ಆದರೆ ಕಡತದ ಪೂರ್ತಿ ಪ್ರತಿ ಕೈಗೆ ಬರುವವರೆಗೆ ಜಗಳ ಬೇಡ.

“ಇಷ್ಟೆಲ್ಲ ಯಾಕೆ, ತಾಯಿಯವರ ಹೆಸರಿನಲ್ಲಿ ಹೊಸ ಅರ್ಜಿಯನ್ನೇ ಹಾಕಿಬಿಡೋಣ” ಎಂದು ಯಾರಾದರೂ ಹೇಳುತ್ತಾರೆ. ನೋಡಲು ಸುಲಭದ ದಾರಿ. ಇದರಲ್ಲಿ ಎರಡು ನಷ್ಟಗಳಿವೆ. ಒಂದು, ಅಬೇಟ್ ಆದ ವಿಷಯಕ್ಕೇ ಹೊಸ ದಾವೆ ತರಬಾರದು ಎಂಬ ಆಕ್ಷೇಪ ಬರುತ್ತದೆ. ಎರಡನೆಯದು ದುಡ್ಡಿನ ನಷ್ಟ, ಅದು ದೊಡ್ಡದು. 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪಿಂಚಣಿ ತಪ್ಪಿದ್ದು ತಿಂಗಳು ತಿಂಗಳು ಮುಂದುವರಿಯುವ ಅನ್ಯಾಯ, ಆದ್ದರಿಂದ ತಡವಾಗಿ ಬಂದರೂ ಕೇಳಬಹುದು, ಆದರೆ ಬಾಕಿಯನ್ನು ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಸೀಮಿತಗೊಳಿಸಬೇಕು ಎಂದಿತು. ನ್ಯಾಯಮಂಡಳಿಗಳು ಸಾಮಾನ್ಯವಾಗಿ ಇದನ್ನೇ ಅನುಸರಿಸುತ್ತವೆ. ತಂದೆಯವರು ಅರ್ಜಿ ಹಾಕಿದ್ದು 2021ರ ಜನವರಿಯಲ್ಲಿ, ಹಾಗಾಗಿ ಅವರ ಲೆಕ್ಕ 2018ರ ಜನವರಿಯಿಂದ ಶುರು. ನೀವು ಈಗ ಹೊಸದಾಗಿ ಹಾಕಿದರೆ ಲೆಕ್ಕ 2022ರ ಜುಲೈಯಿಂದ ಶುರುವಾಗುತ್ತದೆ. ಎರಡೂ ಮುಗಿಯುವುದು ತಂದೆಯವರು ತೀರಿಕೊಂಡ 2025ರ ಫೆಬ್ರವರಿಯಲ್ಲಿ.

ಅಂಕಿಯಲ್ಲೇ ನೋಡೋಣ. ಲೆಕ್ಕ ಸುಲಭವಾಗಲಿ ಎಂದು ತಂದೆಯವರ ಪಿಂಚಣಿಗೆ ಹಿಡಿಯುವ ವೇತನ 40,000 ರೂಪಾಯಿ ಎಂದು ಇಟ್ಟುಕೊಳ್ಳಿ. ಶೇ 100 ವೈಕಲ್ಯಕ್ಕೆ ಅದರ ಶೇ 30, ಅಂದರೆ 12,000. ಶೇ 30 ವೈಕಲ್ಯಕ್ಕೆ 3,600 ಆಗಬೇಕಿತ್ತು, ಆದರೆ ಶೇ 50ಕ್ಕಿಂತ ಕಡಿಮೆ ಇದ್ದದ್ದನ್ನು 50ಕ್ಕೆ ಏರಿಸುವ ನಿಯಮವಿದೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಅನ್ವಯಿಸುತ್ತದೆ ಎಂದು 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಮಾನವಾಯಿತು. ಹಾಗಾಗಿ ತಿಂಗಳಿಗೆ 6,000, ತುಟ್ಟಿಭತ್ಯೆ ಬೇರೆ. ಹಳೆಯ ಅರ್ಜಿಯನ್ನು ಉಳಿಸಿಕೊಂಡರೆ 85 ತಿಂಗಳು, 5,10,000 ರೂಪಾಯಿ. ಹೊಸದು ಹಾಕಿದರೆ 31 ತಿಂಗಳು, 1,86,000. ನಡುವಿನ ವ್ಯತ್ಯಾಸ ತಂದೆಯವರು ನಾಲ್ಕು ವರ್ಷ ಕಾದದ್ದರ ಬೆಲೆ. ಅದನ್ನು ಬಿಟ್ಟುಕೊಡಬೇಡಿ. ಹಳೆಯದನ್ನು ಎತ್ತಿಸಲು ನ್ಯಾಯಮಂಡಳಿ ಒಪ್ಪದೇ ಹೋದರೆ ಮಾತ್ರ ಹೊಸ ಅರ್ಜಿಯ ಯೋಚನೆ.

ಅರ್ಜಿ ಉಳಿದ ಮಾತ್ರಕ್ಕೆ ಗೆದ್ದಂತಲ್ಲ ಎಂಬುದನ್ನೂ ಹೇಳಬೇಕು. ಸೈನಿಕ ಬದುಕಿರುವಾಗ ನಡೆಯುವ ಪ್ರಕರಣಕ್ಕೂ ಅವರು ಹೋದ ಮೇಲಿನ ಪ್ರಕರಣಕ್ಕೂ ಇರುವ ನಿಜವಾದ ಅಂತರ ಒಂದೇ: ಇನ್ನು ಅವರನ್ನು ಯಾರೂ ಪರೀಕ್ಷಿಸಲಾರರು, ಅವರು ಏನನ್ನೂ ಹೇಳಲಾರರು. ಇರುವ ಕಾಗದವೇ ಮಾತನಾಡಬೇಕು. ಈ ದೃಷ್ಟಿಯಿಂದ ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಪದ “ಜೀವನಪರ್ಯಂತ”. 2001ಕ್ಕಿಂತ ಮೊದಲು ಬೋರ್ಡುಗಳು ವೈಕಲ್ಯವನ್ನು ಎರಡು ವರ್ಷಕ್ಕೆ, ಐದು ವರ್ಷಕ್ಕೆ ಎಂದು ಬರೆಯುತ್ತಿದ್ದವು. ಆ ಅವಧಿ ಮುಗಿದ ಮೇಲೆ ಮರುಪರೀಕ್ಷೆಯ ಬೋರ್ಡ್ ಮುಂದೆ ನಿಲ್ಲಬೇಕಿತ್ತು. ಹಾಗೆ ಎರಡು ವರ್ಷಕ್ಕೆ ಬರೆಸಿಕೊಂಡು 1996ರಲ್ಲಿ ಹೊರಬಂದ ಒಬ್ಬ ಸಿಪಾಯಿಯ ಪ್ರಕರಣವನ್ನು ನಾನು ನಡೆಸಿದ್ದೆ. ಅವರು ನಡುವೆಯೇ ತೀರಿಕೊಂಡರು. ಮರುಪರೀಕ್ಷೆಗೆ ಕಳುಹಿಸಿ ಎಂದು ಕೇಳಲು ಮನುಷ್ಯನೇ ಇರಲಿಲ್ಲ. ಆ ಎರಡು ವರ್ಷದ ಆಚೆಗೆ ಅವರ ಹೆಂಡತಿಗೆ ಒಂದು ರೂಪಾಯಿ ಕೊಡಿಸುವುದೂ ದೊಡ್ಡ ಹೋರಾಟವಾಯಿತು. ನಿಮ್ಮ ತಂದೆಯವರ ಬೋರ್ಡ್ ಶೇಕಡಾವಾರನ್ನೂ ಅವಧಿಯನ್ನೂ ಬರೆದು ಮುಗಿಸಿದೆ. ಅದನ್ನು ಯಾರೂ ಪ್ರಶ್ನಿಸುತ್ತಿಲ್ಲ. ಉಳಿದಿರುವುದು ಒಂದೇ ಪ್ರಶ್ನೆ: ಕಾಯಿಲೆ ಸೇವೆಯಿಂದ ಬಂತೇ, ಅಥವಾ ಸೇವೆಯಿಂದ ಉಲ್ಬಣಿಸಿತೇ?

ಇದಕ್ಕೆ ಆಧಾರ 2013ರ ಧರ್ಮವೀರ್ ಸಿಂಗ್ ತೀರ್ಪು. 1985ರಲ್ಲಿ ಸೇರಿ 1994ರಲ್ಲಿ ಅಪಸ್ಮಾರದ ಕಾರಣಕ್ಕೆ ಹೊರಹಾಕಲ್ಪಟ್ಟ ಸಿಪಾಯಿಯೊಬ್ಬರ ಪ್ರಕರಣ ಅದು. ಸೇರುವಾಗ ಕಾಯಿಲೆಯನ್ನು ದಾಖಲಿಸಿರದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದ ಎಂದು ಭಾವಿಸಬೇಕು, ಆಮೇಲೆ ಬಂದ ಕಾಯಿಲೆ ಸೇವೆಗೆ ಸಂಬಂಧಿಸಿದ್ದಲ್ಲ ಎಂದು ತೋರಿಸುವ ಹೊಣೆ ಸರ್ಕಾರದ್ದು, ಬೋರ್ಡ್ ತನ್ನ ಅಭಿಪ್ರಾಯಕ್ಕೆ ಕಾರಣ ಕೊಡಬೇಕು, ಸಂಶಯದ ಲಾಭ ಸೈನಿಕನಿಗೆ ಸೇರಬೇಕು ಎಂದು ನ್ಯಾಯಾಲಯ ಹೇಳಿತು. ಆ ತೀರ್ಪು ನಿಂತಿರುವುದು 1982ರ ಅರ್ಹತಾ ನಿಯಮಗಳ ಮೇಲೆ. ತಂದೆಯವರು ನಿವೃತ್ತರಾದದ್ದು 2006ರಲ್ಲಿ, ಅಂದರೆ ಆ ನಿಯಮಗಳು ಚಾಲ್ತಿಯಲ್ಲಿದ್ದಾಗಲೇ. 2008ರಲ್ಲಿ ಹೊಸ ನಿಯಮ ಬಂತು, 2023ರ ಸೆಪ್ಟೆಂಬರ್‌ನಿಂದ ಇನ್ನೂ ಬಿಗಿಯಾದದ್ದು ಬಂದಿದೆ. ಈಚೆಗೆ ನಿವೃತ್ತರಾದವರ ಕಥೆ ಕೇಳಿ ನೀವು ಹೆದರಬೇಕಾಗಿಲ್ಲ.

ಆದರೂ ಎಲ್ಲರೂ ಗೆಲ್ಲುವುದಿಲ್ಲ. 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೇರುವಾಗ ಪತ್ತೆ ಮಾಡಲಾಗದ ಮಾನಸಿಕ ಕಾಯಿಲೆಯ ವಿಷಯದಲ್ಲಿ ಈ ಊಹೆಯನ್ನು ಕಣ್ಣುಮುಚ್ಚಿ ಅನ್ವಯಿಸಲಾಗದು ಎಂದು ಸೈನಿಕನ ವಿರುದ್ಧ ತೀರ್ಪು ಕೊಟ್ಟಿತು. ರಕ್ತದೊತ್ತಡದ ಪ್ರಕರಣಗಳಲ್ಲಿ ಸರ್ಕಾರದ ಉತ್ತರ ಹೆಚ್ಚುಕಡಿಮೆ ಒಂದೇ: ಕಾಯಿಲೆ ಕಾಣಿಸಿಕೊಂಡದ್ದು ಶಾಂತಿ ಪ್ರದೇಶದಲ್ಲಿ (ಗಡಿಯಿಂದ ದೂರದ ಸಾಮಾನ್ಯ ಸೇನಾ ನೆಲೆಯಲ್ಲಿ), ಅದು ಜೀವನಶೈಲಿಯಿಂದ ಬಂದದ್ದು.

ಆದ್ದರಿಂದ ತಂದೆಯವರ ಟ್ರಂಕು ತೆಗೆಯಿರಿ. ಪ್ರತಿ ಸೈನಿಕನ ಮನೆಯಲ್ಲೂ ಒಂದು ಇರುತ್ತದೆ, ಹಸಿರು ಅಥವಾ ಕಪ್ಪು ಬಣ್ಣದ್ದು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಮತ್ತು ಹೆಸರು. ಕೆಲವು ವರ್ಷಗಳ ಹಿಂದೆ ಅಂಥ ಟ್ರಂಕನ್ನು ಒಬ್ಬ ತಾಯಿ ಬಸ್ಸಿನ ಮೇಲೆ ಹೇರಿಸಿಕೊಂಡು ನನ್ನ ಕಚೇರಿಗೇ ತಂದಿದ್ದರು. ತೆಗೆದರೆ ಬೂದು ಕಂಬಳಿ, ಅದರ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಹಳದಿಯಾದ ಮೆಡಿಕಲ್ ಬೋರ್ಡ್ ಹಾಳೆಗಳು. ಮಡಿಕೆಯ ಗೆರೆಯಲ್ಲಿ ಕಾಗದ ಹರಿದು ಎರಡು ಅಕ್ಷರ ಹೋಗಿದ್ದವು. ಕಾಯಿಲೆ ಎಲ್ಲಿ, ಯಾವಾಗ ಶುರುವಾಯಿತು ಎಂಬ ಕಲಮಿನ ಪಕ್ಕದಲ್ಲಿ ಶಾಂತಿ ಪ್ರದೇಶದ ಊರೊಂದರ ಹೆಸರು. ಅದಕ್ಕಿಂತ ಮೇಲಿನ ಪಟ್ಟಿಯಲ್ಲಿ, ಆ ಊರಿಗೆ ಬರುವ ಮೊದಲು ಅವರ ಗಂಡ ಸತತ ಮೂರು ವರ್ಷ ಗಡಿಯಲ್ಲಿದ್ದ ದಾಖಲೆ. ಕಾರಣ ಬರೆಯಬೇಕಿದ್ದ ಜಾಗದಲ್ಲಿ ಸೇವೆಗೆ ಸಂಬಂಧವಿಲ್ಲ ಎಂಬ ಒಂದೇ ಸಾಲು. ನಮ್ಮ ಇಡೀ ವಾದ ಆ ಪುಟದಲ್ಲಿತ್ತು. ನಿಮ್ಮ ತಂದೆಯವರ ಹಾಳೆಯಲ್ಲೂ ಇದನ್ನೇ ನೋಡಿ: ಎಲ್ಲೆಲ್ಲಿ ಕೆಲಸ ಮಾಡಿದರು, ರಕ್ತದೊತ್ತಡ ಮೊದಲು ದಾಖಲಾದ ದಿನಾಂಕ ಯಾವುದು, ಅದಕ್ಕೆ ಹಿಂದಿನ ಒಂದೆರಡು ವರ್ಷ ಎಲ್ಲಿದ್ದರು, ಆಮೇಲೆ ಅದೇ ಕಾಯಿಲೆ ಇಟ್ಟುಕೊಂಡು ಮತ್ತೆ ಕಷ್ಟದ ಜಾಗಕ್ಕೆ ಹೋದರೇ. ಕಾಗದ ಮನೆಯಲ್ಲಿ ಸಿಗದಿದ್ದರೆ ತಾಯಿಯವರ ಹೆಸರಿನಲ್ಲಿ, ತಂದೆಯವರ ಸೇವಾ ದಾಖಲೆಗಳನ್ನು ಇಡುವ ಸೇನೆಯ ರೆಕಾರ್ಡ್ ಆಫೀಸಿಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಕಳುಹಿಸಿ, ಮೆಡಿಕಲ್ ಬೋರ್ಡ್‌ನ ಪೂರ್ತಿ ಪ್ರತಿ ಕೇಳಿ. ತಂದೆಯವರ ಜೊತೆ ಅದೇ ಕಂಪನಿಯಲ್ಲಿದ್ದ ಇಬ್ಬರು ಸೈನಿಕರು ಸಿಕ್ಕರೆ ಅವರ ಪ್ರಮಾಣ ಪತ್ರವೂ (ಅಫಿಡವಿಟ್) ಇರಲಿ. ತಂದೆಯವರು ಹೇಳಬೇಕಿದ್ದುದನ್ನು ಈಗ ಆ ಇಬ್ಬರು ಹೇಳಬೇಕು.

ಕುಟುಂಬ ಪಿಂಚಣಿಯ ಪ್ರಶ್ನೆಗೆ ಬರೋಣ. ಈ ಪ್ರಕರಣ ಗೆದ್ದರೂ ತಾಯಿಯವರ ತಿಂಗಳ ಪಿಂಚಣಿ ಹೆಚ್ಚುವುದಿಲ್ಲ. ಅದಕ್ಕೆ ಆಧಾರ ತಂದೆಯವರ ವೇತನ, ಅಂಗವೈಕಲ್ಯದ ಅಂಶವಲ್ಲ. ಆದರೆ ಇನ್ನೊಂದನ್ನು ಇವತ್ತೇ ಪರಿಶೀಲಿಸಿ. ನಿವೃತ್ತ ಸೈನಿಕ ತೀರಿಕೊಂಡರೆ ಮೊದಲ ಏಳು ವರ್ಷ, ಅಥವಾ ಅವರಿಗೆ 67 ತುಂಬಬೇಕಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಕುಟುಂಬ ಪಿಂಚಣಿ ಹೆಚ್ಚಿನ ದರದಲ್ಲಿ ಸಿಗಬೇಕು. ಆ ದರ ವೇತನದ ಅರ್ಧ, ಆದರೆ ಅವರ ಸ್ವಂತ ಪಿಂಚಣಿಯನ್ನು ಮೀರುವಂತಿಲ್ಲ. ಆಮೇಲೆ ಅದು ಶೇ 30ಕ್ಕೆ ಇಳಿಯುತ್ತದೆ. ತಂದೆಯವರಿಗೆ 61 ಆಗಿದ್ದುದರಿಂದ ತಾಯಿಯವರಿಗೆ ಇನ್ನೂ ಕೆಲವು ವರ್ಷ ಹೆಚ್ಚಿನ ದರ ಬರಬೇಕು. ಸ್ಪರ್ಶ್ ಖಾತೆಯಲ್ಲಿ (ಸೇನಾ ಪಿಂಚಣಿಯ ಆನ್‌ಲೈನ್ ಖಾತೆ) ಯಾವ ದರ ನಮೂದಾಗಿದೆ ನೋಡಿ. ಮೊದಲಿನಿಂದಲೇ ಶೇ 30 ಬರುತ್ತಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಲಿಖಿತ ದೂರು ಕೊಡಿ.

ಸಾವಿನ ಕಾರಣ ಮೆದುಳಿನ ರಕ್ತಸ್ರಾವ ಎಂದು ನೀವು ಬರೆದಿದ್ದೀರಿ. ಸೇವೆಗೆ ಸಂಬಂಧಿಸಿದ ಕಾಯಿಲೆಯಿಂದಲೇ ಸಾವು ಬಂದರೆ, ಅಥವಾ ಅದರಿಂದ ಸಾವು ಬೇಗ ಬಂದರೆ, ವಿಶೇಷ ಕುಟುಂಬ ಪಿಂಚಣಿ ಎಂಬುದು ಇದೆ, ಅದು ವೇತನದ ಶೇ 60. ರಕ್ತದೊತ್ತಡಕ್ಕೂ ಮೆದುಳಿನ ರಕ್ತಸ್ರಾವಕ್ಕೂ ನಂಟಿದೆ ಎಂದು ಯಾವ ವೈದ್ಯರೂ ಹೇಳುತ್ತಾರೆ. ಆದರೂ ನಿವೃತ್ತಿಯಾಗಿ ಹತ್ತೊಂಬತ್ತು ವರ್ಷದ ನಂತರದ ಸಾವನ್ನು ಸೇವೆಗೆ ಜೋಡಿಸುವುದು ಬಹಳ ಕಷ್ಟ, ಸುಳ್ಳು ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ. ಅದು ಬೇರೆಯೇ ಕೋರಿಕೆ. ಈಗಿನ ಪ್ರಕರಣಕ್ಕೆ ಅದನ್ನು ಕಟ್ಟಿದರೆ ಗೆಲ್ಲಬಹುದಾದದ್ದೂ ಎಳೆದಾಡುತ್ತದೆ. ಆಸ್ಪತ್ರೆಯ ಕಾಗದಗಳನ್ನೂ, ಸಾವಿನ ಕಾರಣ ಬರೆದ ವೈದ್ಯಕೀಯ ಪ್ರಮಾಣಪತ್ರವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಕಾಯಿಲೆ ಸೇವೆಗೆ ಸಂಬಂಧಿಸಿದ್ದು ಎಂದು ತೀರ್ಪು ಬಂದ ಮೇಲೆ ಅದನ್ನು ಕೇಳಬೇಕೇ ಎಂದು ಯೋಚಿಸೋಣ.

ಅಣ್ಣನ ವಿಷಯ. ಅವರ ಸಹಿ ಇಲ್ಲದೆಯೂ ಅರ್ಜಿ ಹೋಗಬಹುದು, ಆದರೆ ಅವರ ಹೆಸರನ್ನು ಮುಚ್ಚಿಡಬಾರದು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳು, ಮದುವೆಯಾದ ಹೆಣ್ಣುಮಕ್ಕಳೂ ಸೇರಿ ಎಲ್ಲರೂ ಮೊದಲ ವರ್ಗದ ವಾರಸುದಾರರು. ತಂದೆಯವರ ತಾಯಿ, ನಿಮ್ಮ ಅಜ್ಜಿ ಬದುಕಿದ್ದರೆ ಅವರೂ ಕೂಡ. ಇದನ್ನು ಹೆಚ್ಚಿನವರು ಮರೆಯುತ್ತಾರೆ. ತಾಯಿಯವರು ಅರ್ಜಿದಾರರಾಗಲಿ, ಒಪ್ಪುವ ಮಕ್ಕಳು ಒಪ್ಪಿಗೆ ಪತ್ರ ಕೊಡಲಿ, ಒಪ್ಪದ ಅಣ್ಣನನ್ನು ಪ್ರತಿವಾದಿಯಾಗಿ ಸೇರಿಸಿ ನೋಟಿಸ್ ಕಳುಹಿಸಿದರೆ ಸಾಕು. ಹಣ ಬಂದಾಗ ಕಚೇರಿ ಮೊದಲು ನೋಡುವುದು ತಂದೆಯವರು 1983ರ ಪಿಂಚಣಿ ಬಾಕಿ ನಾಮನಿರ್ದೇಶನ ನಿಯಮದಡಿ ಯಾರ ಹೆಸರು ಕೊಟ್ಟಿದ್ದಾರೆ ಎಂಬುದನ್ನು. ಸಾಮಾನ್ಯವಾಗಿ ಅದು ಹೆಂಡತಿಯ ಹೆಸರೇ. ಅಣ್ಣನಿಗೆ ನೀವೇ ಒಮ್ಮೆ ಫೋನ್ ಮಾಡಿ ಎನ್ನುವುದು ವಕೀಲನ ಸಲಹೆಯಲ್ಲ, ಆದರೂ ಹೇಳುತ್ತೇನೆ. ಎಷ್ಟೋ ಮನೆಗಳಲ್ಲಿ ನೋಟಿಸಿಗಿಂತ ಮೊದಲು ಫೋನ್ ಹೋಗಿದ್ದರೆ ಪ್ರತಿವಾದಿಯೇ ಇರುತ್ತಿರಲಿಲ್ಲ.

ಕಾಗದಗಳು ಹೆಚ್ಚೇನಿಲ್ಲ: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ ಅಥವಾ ಜೀವಂತ ಸದಸ್ಯರ ಪ್ರಮಾಣಪತ್ರ, ತಾಯಿಯವರ ಆಧಾರ್, ಕುಟುಂಬ ಪಿಂಚಣಿಯ ಪಿಪಿಒ. ಈ ಹಂತಕ್ಕೆ ಸಿವಿಲ್ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಎಂದು ಯಾರಾದರೂ ಕಳುಹಿಸಿದರೆ ಹೊರಡುವ ಮೊದಲು ನಿಮ್ಮ ವಕೀಲರನ್ನು ಕೇಳಿ, ಹೆಚ್ಚಾಗಿ ಅದು ಬೇಕಾಗುವುದಿಲ್ಲ. ನಿಜವಾದ ತೊಂದರೆ ಹೆಸರಿನಲ್ಲಿರುತ್ತದೆ. ಸೇನೆಯ ದಾಖಲೆಯಲ್ಲಿ ಗಂಗಾಬಾಯಿ, ಆಧಾರ್‌ನಲ್ಲಿ ಗಂಗವ್ವ, ಮರಣ ಪ್ರಮಾಣಪತ್ರದಲ್ಲಿ ಮತ್ತೊಂದು. ನಾಲ್ಕೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸ ಕಂಡರೆ ಈ ಹೆಸರುಗಳೆಲ್ಲ ಒಬ್ಬರದೇ ಎಂಬ ಅಫಿಡವಿಟ್ ಅನ್ನು ಈಗಲೇ ಮಾಡಿಸಿ, ಗೆದ್ದ ಮೇಲೆ ಹಣ ಬಿಡುಗಡೆಯ ಹೊತ್ತಿಗಲ್ಲ.

ಗೆದ್ದ ಮೇಲೂ ಸರ್ಕಾರ ಮುಂದೆ ಹೋಗಬಹುದು. 2023ರ ಪರಶೋತ್ತಮ್ ದಾಸ್ ತೀರ್ಪಿನ ನಂತರ ಹೈಕೋರ್ಟಿನ ದಾರಿಯೂ ತೆರೆದಿದೆ. ಆಗ ತಾಯಿಯವರ ಹೆಸರಿನಲ್ಲಿ ಕೇವಿಯಟ್ ಹಾಕಿಸಿ, ನಿಮ್ಮ ಮಾತು ಕೇಳದೆ ತಡೆಯಾಜ್ಞೆ ಬಾರದಂತೆ ನೋಡಿಕೊಳ್ಳಿ.

ತಾಯಿಯವರು ಕೊಚ್ಚಿಗೆ ಹೋಗಬೇಕಾಗಿಲ್ಲ. ಅವರು ಮಾಡಬೇಕಾದದ್ದು ಹೊಸ ವಕಾಲತ್ತಿಗೂ ಅಫಿಡವಿಟ್‌ಗೂ ಸಹಿ, ಅದನ್ನು ಬೈಲಹೊಂಗಲದ ನೋಟರಿಯ ಮುಂದೆಯೇ ಮಾಡಬಹುದು. ಹೆಬ್ಬೆಟ್ಟಾದರೆ ಎಡಗೈಯ ಹೆಬ್ಬೆಟ್ಟು, ಅದರ ಪಕ್ಕದಲ್ಲಿ ಗುರುತು ಹಿಡಿದವರ ಸಹಿ. ಅದರ ಕೆಳಗೆ, ಇದರಲ್ಲಿ ಬರೆದಿರುವುದನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಲಾಯಿತು, ಅವರು ತಿಳಿದು ಒಪ್ಪಿದರು ಎಂಬ ಸಾಲು ಇರಲೇಬೇಕು. ಆ ಸಾಲು ಬರೆಸಿದರೆ ಸಾಲದು, ನಿಜವಾಗಿಯೂ ಓದಿ ಹೇಳಿ. ಗಂಡ ಏನು ಕೇಳಿದ್ದರು, ಈಗ ತಾನು ಏನು ಕೇಳುತ್ತಿದ್ದೇನೆ ಎಂಬುದು ಅವರಿಗೆ ತಿಳಿದಿರಲಿ.